ಏಳು ತಂತಿಯ ಪಿಟೀಲು ಚೌಡಯ್ಯನವರು



ಹೋದ ಸಂಚಿಕೆಯಲ್ಲಿ ನಮ್ಮ ತರಗತಿಯವನೊಬ್ಬ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಬರೆದಿದ್ದ. ಈ ಸಲ ನನ್ನ ಸರದಿ. ಕನ್ನಡ ಮೇಷ್ಟ್ರು ಯಾರ ಬಗ್ಗೆ ಬೇಕಾದರೂ ಬರಿ, ಆದರೆ ಪುಸ್ತಕ ನೋಡಿ ಬರೆದ ಹಾಗೆ ಇರಬಾರದು ಅಂದರು. ನಾನು ಪಿಟೀಲು ಚೌಡಯ್ಯನವರನ್ನು ಆರಿಸಿಕೊಂಡೆ. ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ.

ಹೋದ ವರ್ಷದ ಶಾಲಾ ವಾರ್ಷಿಕೋತ್ಸವ ನಿಮಗೆಲ್ಲ ನೆನಪಿದೆಯಲ್ಲ. ನಾನು ಒಂದು ದೇವರನಾಮ ಹಾಡಬೇಕಿತ್ತು. ಹದಿನೈದು ದಿನ ಅಭ್ಯಾಸ ಮಾಡಿದ್ದೆ. ವೇದಿಕೆ ಹತ್ತಿ ಪಲ್ಲವಿ ಶುರು ಮಾಡಿದ್ದೇ ತಡ, ಕರೆಂಟ್ ಹೋಯಿತು. ಮೈಕ್ ಸತ್ತುಹೋಯಿತು. ಮೇಡಂ ಕೆಳಗಿನಿಂದ ನಿಲ್ಲಿಸಬೇಡ ಅಂತ ಕೈ ಮಾಡಿದರು, ಹಾಡಿದೆ. ಮುಂದೆ ಕೂತವರು ಚಪ್ಪಾಳೆ ಹೊಡೆದರು. ನಮ್ಮ ತಾತ ಹಿಂದೆ ಹೊಂಗೆ ಮರದ ಕೆಳಗೆ ಕೂತಿದ್ದರು. ಮನೆಗೆ ಬರುವಾಗ ದಾರಿಯಲ್ಲಿ ತಾತ ಕೇಳಿದ್ದು ಏನು ಗೊತ್ತಾ? ನಿನ್ನ ಹಾಡು ಯಾಕೆ ಬಿಟ್ಟುಬಿಟ್ಟರು ಮಗಾ, ಅಂತ. ನಾನು ಹಾಡಿಯಾಗಿತ್ತು. ತಾತನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ. ನನಗೆ ಅಳುವೇ ಬಂತು.

ಮಾರನೇ ದಿನ ಮೇಷ್ಟ್ರಿಗೆ ಈ ವಿಷಯ ಹೇಳಿದಾಗ ಅವರು ನಕ್ಕು, ಇದೇ ತೊಂದರೆ ಹಿಂದೆ ದೊಡ್ಡ ದೊಡ್ಡ ವಿದ್ವಾಂಸರಿಗೂ ಇತ್ತು, ಅದಕ್ಕೆ ದಾರಿ ಹುಡುಕಿದವರು ನಮ್ಮ ತಾಲ್ಲೂಕಿನವರೇ ಅಂತ ಚೌಡಯ್ಯನವರ ಕಥೆ ಹೇಳಿದರು. ಆಮೇಲೆ ನಾನು ಗ್ರಂಥಾಲಯದಲ್ಲಿ ಓದಿ, ತಾತನನ್ನು ಕೇಳಿ, ಮೇಷ್ಟ್ರನ್ನು ಕೇಳಿ ಬರೆದಿದ್ದೇನೆ.

ನಾವೆಲ್ಲ ಸಂತೆಗೆ, ಆಸ್ಪತ್ರೆಗೆ ಹೋಗುವ ಟಿ. ನರಸೀಪುರದಲ್ಲಿ ಟಿ. ಅಂದರೆ ಏನು ಅಂತ ಕೇಳಿದರೆ ನಮ್ಮ ತರಗತಿಯಲ್ಲಿ ನಾಲ್ಕು ಜನಕ್ಕೆ ಮಾತ್ರ ಗೊತ್ತಿತ್ತು. ಟಿ. ಅಂದರೆ ತಿರುಮಕೂಡಲು. ಕಾವೇರಿಯೂ ಕಪಿಲೆಯೂ ಸೇರುವ ಜಾಗ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲಿ ಸೇರುತ್ತದೆ ಅಂತ ಹಿರಿಯರು ಹೇಳುತ್ತಾರೆ. ಈಚೆ ದಡದಲ್ಲಿ ಗುಂಜಾನರಸಿಂಹಸ್ವಾಮಿ, ಆಚೆ ಅಗಸ್ತ್ಯೇಶ್ವರ. ಮೂರು ವರ್ಷಕ್ಕೊಮ್ಮೆ ಅಲ್ಲಿ ಕುಂಭಮೇಳ ನಡೆಯುತ್ತದಲ್ಲ, ಅದೇ ಜಾಗ. ಅದೇ ತಿರುಮಕೂಡಲಿನಲ್ಲಿ 1895ನೇ ಇಸವಿ ಜನವರಿ 1ರಂದು ಚೌಡಯ್ಯನವರು ಹುಟ್ಟಿದರು. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮ. ಊರಿನ ಟಿ.ಯೂ ಅವರ ಹೆಸರಿನ ಮುಂದಿನ ಟಿ.ಯೂ ಒಂದೇ!

ನಮ್ಮ ಕಡೆಯಿಂದ ಮೈಸೂರಿಗೆ ಸುಮಾರು 30 ಕಿಲೋಮೀಟರು. ಈಗ ಬಸ್ಸು ಹತ್ತಿದರೆ ಒಂದು ಗಂಟೆ. 1910ರಲ್ಲಿ ಅಷ್ಟು ಸುಲಭ ಇರಲಿಲ್ಲ. ಆ ವರ್ಷ ಚೌಡಯ್ಯನವರು ಸಂಗೀತ ಕಲಿಯಲು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಬಳಿ ಸೇರಿದರು. ಆಗ ಅವರಿಗೆ ಹದಿನೈದು ವರ್ಷ. ಅಂದರೆ ನಮಗಿಂತ ಬರೀ ಎರಡು ವರ್ಷ ದೊಡ್ಡವರು.

ಆ ಕಾಲದ ಮೈಸೂರು ಹೇಗಿತ್ತು ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಕಥೆ ಸರಿಯಾಗಿ ಗೊತ್ತಾಗಲ್ಲ. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿ ಬಿದ್ದು ಸುಟ್ಟುಹೋಗಿತ್ತು. ನಾವು ಪ್ರವಾಸಕ್ಕೆ ಹೋದಾಗ ನೋಡಿದೆವಲ್ಲ, ಈಗಿನ ಅರಮನೆ, ಅದನ್ನು ಇನ್ನೂ ಕಟ್ಟುತ್ತಿದ್ದರು. ಅದು ಮುಗಿದದ್ದು 1912ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು. ಅವರಿಗೆ ಸಂಗೀತ ಅಂದರೆ ಪ್ರಾಣ. ನಮ್ಮ ಸಂಗೀತವೂ ಸೈ, ಇಂಗ್ಲಿಷರ ಬ್ಯಾಂಡೂ ಸೈ. ಅರಮನೆಯಲ್ಲಿ ಎರಡೂ ಇದ್ದವು. ವೀಣೆ ಶೇಷಣ್ಣನವರು ಮೈಸೂರಿನಲ್ಲೇ ಇದ್ದರು. ಅವರು 1852ರಲ್ಲಿ ಹುಟ್ಟಿದವರು, 1926ರವರೆಗೆ ಬದುಕಿದ್ದರು. ಮೈಸೂರು ವೀಣೆ ಅಂದರೆ ದೇಶದಲ್ಲೆಲ್ಲ ಹೆಸರಾಗಿದ್ದು ಅವರಂಥವರಿಂದ. ಮೈಸೂರು ವಾಸುದೇವಾಚಾರ್ಯರು ಇದ್ದರು, ಅವರು ಬಹಳ ಕೃತಿಗಳನ್ನು ರಚಿಸಿದವರು. ಆಮೇಲೆ ತಮಿಳು ಸೀಮೆಯಿಂದ ಮುತ್ತಯ್ಯ ಭಾಗವತರೂ ಬಂದರು. ಅವರು ಚಾಮುಂಡೇಶ್ವರಿಯ ಮೇಲೆ 108 ಕೀರ್ತನೆ ಮಾಡಿದರು. ದಸರಾ ಬಂತೆಂದರೆ ಮದರಾಸು, ತಂಜಾವೂರು ಕಡೆಯಿಂದ ವಿದ್ವಾಂಸರು ಬರುತ್ತಿದ್ದರು. ಅರಮನೆಯಲ್ಲಿ ಹಾಡಿ ಶಾಲು, ಸಂಭಾವನೆ ತೆಗೆದುಕೊಂಡು ಹೋಗುವುದು ಅವರಿಗೆಲ್ಲ ದೊಡ್ಡ ಗೌರವ. ಅಂಥ ಊರಿಗೆ ಒಬ್ಬ ಹಳ್ಳಿ ಹುಡುಗ ಪಿಟೀಲು ಕಲಿಯಲು ಹೋದರೆ ಎಷ್ಟು ಭಯ ಆಗಿರಬೇಡ! ನಾನು ತಾಲ್ಲೂಕು ಮಟ್ಟದ ಸ್ಪರ್ಧೆಗೆ ಹೋದಾಗಲೇ ನನ್ನ ಕಾಲು ನಡುಗುತ್ತಿತ್ತು.

ಗುರುಗಳ ಬಗ್ಗೆಯೂ ಹೇಳಬೇಕು. ಬಿಡಾರಂ ಕೃಷ್ಣಪ್ಪನವರು 1866ರಲ್ಲಿ ಕಾರ್ಕಳದ ಹತ್ತಿರ ನಂದಳಿಕೆಯಲ್ಲಿ ಹುಟ್ಟಿದವರು. ನಂದಳಿಕೆ ಹೆಸರು ಎಲ್ಲೋ ಕೇಳಿದ ಹಾಗಿದೆ ಅಲ್ಲವೇ? ಮುದ್ದಣ ಕವಿಯ ಊರು! ಮುದ್ದಣ ಮನೋರಮೆಯರ ಸಲ್ಲಾಪ ಬರೆದ ಕವಿಯೂ ಚೌಡಯ್ಯನವರ ಗುರುಗಳೂ ಒಂದೇ ಊರಿನವರು, ನಾಲ್ಕು ವರ್ಷದ ವ್ಯತ್ಯಾಸ ಅಷ್ಟೆ. ಕೃಷ್ಣಪ್ಪನವರು ಬಡತನದಲ್ಲಿ ಬೆಳೆದು, ಮೈಸೂರಿಗೆ ಬಂದು, ಹಾಡುಗಾರರಾಗಿ ದೊಡ್ಡ ಹೆಸರು ಮಾಡಿದರು. ಆಗ ಕಚೇರಿಗಳಲ್ಲಿ ಹೆಚ್ಚಾಗಿ ತೆಲುಗು ಕೃತಿಗಳನ್ನೇ ಹಾಡುತ್ತಿದ್ದರಂತೆ. ಕೃಷ್ಣಪ್ಪನವರು ಪುರಂದರದಾಸರ ದೇವರನಾಮಗಳನ್ನು ದೊಡ್ಡ ವೇದಿಕೆಗೆ ತಂದು ಹಾಡಿದರು. ನಾವು ಭಜನೆ ಮನೆಯಲ್ಲಿ ಹಾಡುವ ಪದಗಳಿಗೆ ಆ ಮರ್ಯಾದೆ ಸಿಕ್ಕಿದ್ದು ಇವರಂಥವರಿಂದ. ಆದರೆ ಪಾಠದಲ್ಲಿ ಬಹಳ ಕಟ್ಟುನಿಟ್ಟು. ನಮ್ಮ ಗಣಿತದ ಮೇಷ್ಟ್ರ ಹಾಗೆ ಅಂತ ಬರೆಯೋಣ ಅಂದುಕೊಂಡೆ, ಈ ಗೋಡೆ ಪತ್ರಿಕೆಯನ್ನು ಅವರೂ ಓದುತ್ತಾರೆ.

1910ರಿಂದ 1918ರವರೆಗೆ ಎಂಟು ವರ್ಷ ಚೌಡಯ್ಯನವರು ಗುರುಗಳ ಹತ್ತಿರವೇ ಕಲಿತರು. ಎಂಟು ವರ್ಷ ಅಂದರೆ ನಾವು ಒಂದನೇ ತರಗತಿಗೆ ಸೇರಿ ಎಂಟನೇ ತರಗತಿ ಮುಗಿಸುವಷ್ಟು ಕಾಲ. ಅಲ್ಲಿ ಪರೀಕ್ಷೆ ಇಲ್ಲ, ಬೇಸಿಗೆ ರಜೆಯೂ ಇಲ್ಲ.

ಪಿಟೀಲು ಅಂದರೆ ಮೊದಲಿಂದ ನಮ್ಮ ವಾದ್ಯ ಅಲ್ಲ. ಇದು ನನಗೂ ಗೊತ್ತಿರಲಿಲ್ಲ. ಅದು ಯೂರೋಪಿನಿಂದ ಬಂದದ್ದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯೂರೋಪಿನವರಿಂದ ಅದನ್ನು ಕಲಿತು ನಮ್ಮ ಸಂಗೀತಕ್ಕೆ ಹೊಂದಿಸಿದರು. ಯೂರೋಪಿನವರು ನಿಂತುಕೊಂಡು ಗದ್ದದ ಕೆಳಗೆ ಇಟ್ಟು ನುಡಿಸುತ್ತಾರೆ. ನಮ್ಮವರು ಚಕ್ಕಂಬಕ್ಕಳ ಹಾಕಿ ಕೂತು ಅದರ ತುದಿಯನ್ನು ಬಲಗಾಲಿನ ಮೇಲೆ ಊರಿಕೊಳ್ಳುತ್ತಾರೆ. ಆಗ ಪಿಟೀಲು ಅಲ್ಲಾಡುವುದಿಲ್ಲ, ಎಡಗೈ ಬೆರಳು ತಂತಿಯ ಮೇಲೆ ಸಲೀಸಾಗಿ ಜಾರುತ್ತದೆ, ಗಮಕ ಚೆನ್ನಾಗಿ ಬರುತ್ತದೆ. ವಾದ್ಯ ಅವರದು, ಕೂರುವ ಗತ್ತು ನಮ್ಮದು.

ಚೌಡಯ್ಯನವರು ಹೆಚ್ಚಾಗಿ ನುಡಿಸಿದ್ದು ಪಕ್ಕವಾದ್ಯ. ಪಕ್ಕವಾದ್ಯ ಅಂದರೆ ಹಾಡುವವರ ಪಕ್ಕ ಕೂತು ನುಡಿಸುವುದು. ಕೇಳಲಿಕ್ಕೆ ಸುಲಭ ಅನ್ನಿಸುತ್ತದೆ. ಆದರೆ ಯೋಚನೆ ಮಾಡಿ. ಹಾಡುವವರು ಮುಂದೆ ಯಾವ ಕಡೆ ತಿರುಗುತ್ತಾರೆ ಅಂತ ಮೊದಲೇ ಹೇಳುವುದಿಲ್ಲ. ಅವರ ಬಾಯಿಂದ ಬಂದ ಸ್ವರವನ್ನು ಆ ಕ್ಷಣವೇ ಹಿಡಿದು ತಂತಿಯ ಮೇಲೆ ತರಬೇಕು. ಅವರು ಆಲಾಪನೆ ಮಾಡಿ ನಿಲ್ಲಿಸಿದಾಗ ಅದೇ ರಾಗವನ್ನು ತಾನು ನುಡಿಸಿ ತೋರಿಸಬೇಕು. ಸ್ವರ ಹಾಕಿದರೆ ಉತ್ತರ ಕೊಡಬೇಕು. ಹಾಡುಗಾರರು ಎಲ್ಲಾದರೂ ತಡವರಿಸಿದರೆ ಸಭೆಗೆ ಗೊತ್ತಾಗದ ಹಾಗೆ ಮುಚ್ಚಬೇಕು. ಎತ್ತಿನ ಗಾಡಿಯಲ್ಲಿ ಬಲಗಡೆ ಎತ್ತು ಹೇಗೆ ಹೆಜ್ಜೆ ಹಾಕುತ್ತದೋ ಎಡಗಡೆಯದೂ ಹಾಗೇ ಹಾಕಬೇಕಲ್ಲ, ಹಾಗೆ. ಚೌಡಯ್ಯನವರು ಮೊದಲು ತಮ್ಮ ಗುರುಗಳಿಗೇ ಪಕ್ಕವಾದ್ಯ ನುಡಿಸಿ ಪಳಗಿದರು. ಆಮೇಲೆ ಹೊರಗಿನ ವಿದ್ವಾಂಸರಿಗೂ ನುಡಿಸಲು ಶುರು ಮಾಡಿದರು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ.

ಆ ದಿನಗಳಲ್ಲಿ ಮೈಕ್ ಇರಲಿಲ್ಲ. ಕಚೇರಿ ನಡೆಯುತ್ತಿದ್ದದ್ದು ದೇವಸ್ಥಾನದ ಅಂಗಳದಲ್ಲಿ, ಮದುವೆ ಚಪ್ಪರದಲ್ಲಿ, ರಾಮೋತ್ಸವದ ಪೆಂಡಾಲಿನಲ್ಲಿ. ಜನ ಸೇರುತ್ತಿದ್ದದ್ದು ಜಾತ್ರೆಯ ಹಾಗೆ. ಹಾಡುವವರು ಎದೆ ತುಂಬಿ ಗಟ್ಟಿಯಾಗಿ ಹಾಡುತ್ತಿದ್ದರು. ಮೃದಂಗದ ಪೆಟ್ಟು ದೂರ ಕೇಳಿಸುತ್ತದೆ. ಪಿಟೀಲು ಪಾಪ, ನಾಲ್ಕೇ ತಂತಿ, ತೆಳು ದನಿ. ಹಿಂದೆ ಕೂತವರಿಗೆ ಕಮಾನು ಆಡುವುದು ಕಾಣಿಸುತ್ತದೆ, ನಾದ ಕೇಳಿಸುವುದಿಲ್ಲ. ನಮ್ಮ ತಾತನಿಗೆ ಆದ ಹಾಗೇ. ಗಂಟೆಗಟ್ಟಲೆ ಕಷ್ಟಪಟ್ಟು ನುಡಿಸಿದರೂ ಅರ್ಧ ಸಭೆಗೆ ಮುಟ್ಟಲಿಲ್ಲ ಅಂದರೆ ಹೇಗಾಗಬೇಡ? ನನಗೆ ಒಂದು ಹಾಡಿಗೇ ಅಳು ಬಂದಿತ್ತು.

ಚೌಡಯ್ಯನವರು ಅಳುತ್ತಾ ಕೂರಲಿಲ್ಲ. 1927ರಲ್ಲಿ ಅವರು ತಮ್ಮ ಪಿಟೀಲಿಗೆ ಇನ್ನೂ ಮೂರು ತಂತಿ ಹಾಕಿಸಿದರು. ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೊತೆ ತಂತಿ ಬಂತು, ಒಂದು ಮಾತ್ರ ಒಂಟಿಯಾಗಿ ಉಳಿಯಿತು. ಒಟ್ಟು ಏಳು. ಕಮಾನು ಎಳೆದರೆ ಎರಡೆರಡು ತಂತಿ ಒಟ್ಟಿಗೆ ನುಡಿಯುತ್ತವೆ. ನಾದ ದಪ್ಪವಾಗಿ, ಗಂಭೀರವಾಗಿ, ಹಿಂದಿನ ಸಾಲಿನವರೆಗೂ ಹೋಗುತ್ತದೆ.

ಬರೆಯುವುದು ಸುಲಭ, ಮಾಡುವುದು ಹಾಗಲ್ಲ. ಮೇಷ್ಟ್ರು ಕರಿಹಲಗೆ ಮೇಲೆ ಚಿತ್ರ ಬರೆದು ತೋರಿಸಿದ್ದಕ್ಕೆ ನನಗೆ ಅರ್ಥ ಆಯಿತು. ನಾಲ್ಕು ಬಿರಡೆ ಇದ್ದ ಕಡೆ ಏಳು ಬಿರಡೆ ಕೂರಬೇಕು. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಮೇಲೆ ಏಳಕ್ಕೂ ಜಾಗ ಆಗಬೇಕು. ಜೊತೆ ತಂತಿಗಳು ತೀರ ಹತ್ತಿರ ಇದ್ದರೆ ಒಂದಕ್ಕೊಂದು ತಾಗುತ್ತವೆ, ದೂರ ಇದ್ದರೆ ಒಂದು ಬೆರಳಿಗೆ ಎರಡೂ ಸಿಗುವುದಿಲ್ಲ. ಶ್ರುತಿಯೂ ಅಷ್ಟೇ. ಜೊತೆಯಲ್ಲಿ ಒಂದು ತಂತಿ ಕೂದಲೆಳೆಯಷ್ಟು ತಪ್ಪಿದರೂ ನಾದ ಕೆಟ್ಟುಹೋಗುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ನಾಲ್ಕು ತಂತಿಯ ಪಿಟೀಲಿನಲ್ಲಿ ಬೆರಳು ಒಂದು ಕಡೆ ಸರಿಯಾಗಿ ಬಿದ್ದರೆ ಸಾಕು, ಇದರಲ್ಲಿ ಎರಡು ತಂತಿಯ ಮೇಲೂ ಒಂದೇ ಸಲ ಸರಿಯಾಗಿ ಬೀಳಬೇಕು. ಹೊಸದಾಗಿ ಬೆರಳಿಗೆ ಪಾಠ ಹೇಳಿಕೊಟ್ಟ ಹಾಗೆ. ಅವರಿಗಾಗಲೇ ಮೂವತ್ತೆರಡು ವರ್ಷ, ಹೆಸರು ಬಂದಿತ್ತು. ಸುಮ್ಮನೆ ನಾಲ್ಕು ತಂತಿಯಲ್ಲೇ ಇದ್ದಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಎಲ್ಲರೂ ಇದನ್ನು ಒಪ್ಪಲಿಲ್ಲ. ವಾದ್ಯದ ರೂಪವನ್ನೇ ಬದಲಾಯಿಸುವುದು ಸಂಪ್ರದಾಯಕ್ಕೆ ವಿರೋಧ ಅಂತ ಕೆಲವರು ಅಂದರು. ನನಗನ್ನಿಸುವುದು ಏನೆಂದರೆ, ಪಿಟೀಲೇ ಹೊರಗಿನಿಂದ ಬಂದದ್ದು, ಅದಕ್ಕೆ ಮೂರು ತಂತಿ ಹಾಕಿದರೆ ಯಾವ ಸಂಪ್ರದಾಯ ಕೆಡುತ್ತದೆ? ನಮ್ಮ ತಾತನೂ ಹೀಗೇ ಹೇಳಿದರು. ಆದರೆ ಮೇಷ್ಟ್ರು, ಅವರ ಮಾತನ್ನೂ ಪೂರ್ತಿ ತಳ್ಳಿಹಾಕಬಾರದು, ತಂತಿ ಹೆಚ್ಚಾದರೆ ನಯವಾದ ಸಣ್ಣ ಸಣ್ಣ ಗಮಕ ಮುಚ್ಚಿಹೋಗಬಹುದು ಅನ್ನುವ ಭಯ ಅವರದು ಅಂದರು. ಏನೇ ಆಗಲಿ, ಚೌಡಯ್ಯನವರು ಏಳು ತಂತಿಯನ್ನು ಬಿಡಲಿಲ್ಲ. ಅದನ್ನೇ ಹಿಡಿದು ಮದರಾಸಿಗೂ ಹೋದರು, ದಕ್ಷಿಣ ದೇಶವೆಲ್ಲ ಸುತ್ತಿದರು. ಅರಿಯಾಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್ ಮುಂತಾದ ಘಟಾನುಘಟಿಗಳಿಗೆ ಪಕ್ಕವಾದ್ಯ ನುಡಿಸಿದರು. ಚೆಂಬೈ ಅವರದು ಕಂಚಿನ ಗಂಟೆಯಂಥ ಕಂಠ, ಅದಕ್ಕೆ ಏಳು ತಂತಿಯ ಪಿಟೀಲು ಸರಿಯಾದ ಜೋಡಿ. ಆ ಕಾಲದಲ್ಲಿ ಪಿಟೀಲು ಅಂದರೆ ಮೂರು ಹೆಸರು ಹೇಳುತ್ತಿದ್ದರು. ಆಂಧ್ರದ ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆ, ನಮ್ಮ ಮೈಸೂರು ಚೌಡಯ್ಯ.

1939ರಲ್ಲಿ ನಾಲ್ವಡಿಯವರು ಅವರನ್ನು ಆಸ್ಥಾನ ವಿದ್ವಾಂಸರನ್ನಾಗಿ ಮಾಡಿದರು. ಸಂಗೀತರತ್ನ ಅಂತ ಬಿರುದೂ ಇತ್ತು. ಮರುವರ್ಷವೇ, 1940ರಲ್ಲಿ, ನಾಲ್ವಡಿಯವರು ತೀರಿಕೊಂಡರು. ಅವರ ನಂತರ ಬಂದ ಜಯಚಾಮರಾಜ ಒಡೆಯರು ತಾವೇ ಕೃತಿಗಳನ್ನು ರಚಿಸುವ ವಿದ್ವಾಂಸರಾಗಿದ್ದರು. ಹಾಗಾಗಿ ಮೈಸೂರಿನಲ್ಲಿ ಸಂಗೀತ ಸೊರಗಲಿಲ್ಲ.

ಗುರುಗಳ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಕೃಷ್ಣಪ್ಪನವರು ಮೈಸೂರಿನ ಶಿವರಾಂಪೇಟೆಯಲ್ಲಿ ಒಂದು ರಾಮಮಂದಿರ ಕಟ್ಟಲು ಹೊರಟಿದ್ದರು. ಹಾಡಿ ಸಂಪಾದಿಸಿದ ದುಡ್ಡನ್ನು ಅದಕ್ಕೆ ಸುರಿದರು. 1931ರಲ್ಲಿ ಅವರು ತೀರಿಕೊಂಡರು. ಆಗ ಆ ಮಂದಿರದ ಹೊಣೆ ಹೊತ್ತವರು ಶಿಷ್ಯ ಚೌಡಯ್ಯನವರು. ಅಲ್ಲಿ ರಾಮನವಮಿಯ ಕಚೇರಿಗಳು ನಡೆಯುತ್ತಿದ್ದವು, ದೊಡ್ಡ ದೊಡ್ಡವರು ಬಂದು ಹಾಡಿದ್ದಾರೆ. ಬಿಡಾರಂ ಕೃಷ್ಣಪ್ಪನವರ ರಾಮಮಂದಿರ ಅಂತ ಕೇಳಿದರೆ ಮೈಸೂರಿನಲ್ಲಿ ಸಂಗೀತ ಬಲ್ಲವರು ಯಾರಾದರೂ ತೋರಿಸುತ್ತಾರೆ. ಕೆಲವು ಶಿಷ್ಯರು ಗುರುಗಳ ಫೋಟೋಗೆ ಹಾರ ಹಾಕಿ ಸುಮ್ಮನಾಗುತ್ತಾರೆ. ಇವರು ಗುರುಗಳ ಕೆಲಸಕ್ಕೇ ಹೆಗಲು ಕೊಟ್ಟರು. ಏಳು ತಂತಿಗಿಂತ ಇದೇ ನನಗೆ ಹೆಚ್ಚು ಇಷ್ಟವಾಯಿತು.

ಚೌಡಯ್ಯನವರು ಸಿನಿಮಾವನ್ನೂ ಮಾಡಿದ್ದಾರೆ ಅಂದರೆ ನಮ್ಮ ಹುಡುಗರು ನಂಬಲೇ ಇಲ್ಲ! 1943ರಲ್ಲಿ ಬಂದ ವಾಣಿ ಅನ್ನುವ ಕನ್ನಡ ಸಿನಿಮಾ. ನಾಟಕದ ಕೆ. ಹಿರಣ್ಣಯ್ಯನವರು, ಅಂದರೆ ಮಾಸ್ಟರ್ ಹಿರಣ್ಣಯ್ಯನವರ ತಂದೆ, ಅದರ ನಿರ್ದೇಶಕರು. ಅದರಲ್ಲಿ ಚೆಂಬೈ ಅವರ ಕಚೇರಿ ಇದೆ, ಪಿಟೀಲು ಚೌಡಯ್ಯನವರದು, ಮೃದಂಗ ಪಾಲಘಾಟ್ ಮಣಿ ಅಯ್ಯರ್ ಅವರದು. ಮೂವರನ್ನೂ ಒಟ್ಟಿಗೆ ತೆರೆಯ ಮೇಲೆ ತಂದದ್ದು ಸಾಮಾನ್ಯ ಅಲ್ಲ. ಪಂಡರಿಬಾಯಿ ಅವರಿಗೆ ಅದು ಮೊದಲ ಸಿನಿಮಾ. ಬೇಡರ ಕಣ್ಣಪ್ಪದಲ್ಲಿ ರಾಜಕುಮಾರ್ ಜೊತೆ ಇದ್ದಾರಲ್ಲ, ಅವರೇ.

ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜು ಅಂತ ಒಂದನ್ನು ಅವರು ಶುರು ಮಾಡಿದರು. ಬಹಳ ಜನ ಶಿಷ್ಯರನ್ನು ತಯಾರು ಮಾಡಿದರು. ಪಿಟೀಲು ವಿದ್ವಾಂಸ ಆರ್.ಕೆ. ವೆಂಕಟರಾಮಾಶಾಸ್ತ್ರಿಗಳು, ತಮಿಳುನಾಡಿನ ಕಂಡದೇವಿ ಅಳಗಿರಿಸ್ವಾಮಿಗಳು, ಹಾಡುಗಾರ ವಿ. ರಾಮರತ್ನಂ ಇವರೆಲ್ಲ ಅವರ ಶಿಷ್ಯರೇ. ಕೃತಿಗಳನ್ನೂ ತಿಲ್ಲಾನಗಳನ್ನೂ ಸ್ವತಃ ಕಟ್ಟಿದರು. ಪುರಂದರದಾಸರಿಗೆ ಪುರಂದರವಿಠಲ ಅಂಕಿತ ಇದ್ದ ಹಾಗೆ ಇವರ ಅಂಕಿತ ತ್ರಿಮಕುಟ. ತ್ರಿಮಕುಟ ಅಂದರೆ ನಮ್ಮ ತಿರುಮಕೂಡಲೇ! ಎಷ್ಟು ದೊಡ್ಡವರಾದರೂ ಪ್ರತಿ ಹಾಡಿನ ಕೊನೆಗೆ ಊರಿನ ಹೆಸರು ಇಟ್ಟರು.

1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯವರು ಅವರಿಗೆ ಸಂಗೀತ ಕಲಾನಿಧಿ ಪ್ರಶಸ್ತಿ ಕೊಟ್ಟರು. ಕರ್ನಾಟಕ ಸಂಗೀತದವರಿಗೆ ಅದು ಬಹಳ ದೊಡ್ಡ ಮನ್ನಣೆ. 1967ರ ಜನವರಿ 19ರಂದು, ಎಪ್ಪತ್ತೆರಡನೇ ವಯಸ್ಸಿನಲ್ಲಿ, ಚೌಡಯ್ಯನವರು ತೀರಿಕೊಂಡರು.

ತಾತ ಚಿಕ್ಕವರಾಗಿದ್ದಾಗ ನಮ್ಮೂರಿನಲ್ಲಿ ಪಂಚಾಯ್ತಿ ಕಟ್ಟೆಯ ಹತ್ತಿರ ಒಂದು ರೇಡಿಯೋ ಇತ್ತಂತೆ. ಸಂಜೆ ಗದ್ದೆಯಿಂದ ಬಂದವರೆಲ್ಲ ಅಲ್ಲಿ ಸೇರುತ್ತಿದ್ದರಂತೆ. ಮೈಸೂರು ಆಕಾಶವಾಣಿಯಲ್ಲಿ ಚೌಡಯ್ಯನವರ ಪಿಟೀಲು ಬಂದರೆ ಹಿರಿಯರು ಹುಡುಗರ ಗಲಾಟೆ ನಿಲ್ಲಿಸಿ, ಇದು ನಮ್ಮ ಕೂಡಲಿನವರದು ಅನ್ನುತ್ತಿದ್ದರಂತೆ. ತಾತನಿಗೆ ರಾಗ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ, ಆದರೆ ದನಿ ಮಾತ್ರ ಇನ್ನೂ ಕಿವಿಯಲ್ಲಿದೆ ಅನ್ನುತ್ತಾರೆ. ಅಂದಹಾಗೆ ಆಕಾಶವಾಣಿ ಅನ್ನುವ ಹೆಸರು ಹುಟ್ಟಿದ್ದೂ ಮೈಸೂರಿನಲ್ಲೇ, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಅಲ್ಲಿ ಬಾನುಲಿ ಕೇಂದ್ರ ಶುರು ಮಾಡಿದಾಗ.

ಬೆಂಗಳೂರಿನಲ್ಲಿ ಚೌಡಯ್ಯನವರ ಹೆಸರಿನಲ್ಲಿ ಒಂದು ಸಭಾಂಗಣ ಇದೆ. ಮಲ್ಲೇಶ್ವರದ ಪಕ್ಕ, ವೈಯಾಲಿಕಾವಲ್ ಕಡೆ. 1980ರಲ್ಲಿ ಕಟ್ಟಿ ಮುಗಿಸಿದರು. ಇಡೀ ಕಟ್ಟಡವೇ ಪಿಟೀಲಿನ ಆಕಾರದಲ್ಲಿದೆ. ತಂತಿ, ಬಿರಡೆ, ಕುದುರೆ, ಕಮಾನು ಎಲ್ಲವೂ ಉಂಟು. ಒಂದು ಸಾವಿರಕ್ಕಿಂತ ಹೆಚ್ಚು ಜನ ಕೂರಬಹುದು. ಮೈಸೂರಿನಲ್ಲೂ ಕಚೇರಿಗಳು ನಿಂತಿಲ್ಲ. ದಸರಾದಲ್ಲಿ ಅರಮನೆ ಮುಂದೆ ನಡೆಯುತ್ತವೆ, ಗಣೇಶನ ಹಬ್ಬಕ್ಕೆ ವಾಣಿವಿಲಾಸ ಮೊಹಲ್ಲಾದ ಎಂಟನೇ ಕ್ರಾಸಿನಲ್ಲಿ ಬೀದಿಗೆ ಪೆಂಡಾಲು ಹಾಕಿ ನಡೆಸುತ್ತಾರೆ. ಅಲ್ಲಿ ಪಿಟೀಲು ಇದ್ದೇ ಇರುತ್ತದೆ. ಆದರೆ ಏಳು ತಂತಿಯದಲ್ಲ, ನಾಲ್ಕು ತಂತಿಯದು. ಚೌಡಯ್ಯನವರ ಕೆಲವು ಶಿಷ್ಯರು ಏಳು ತಂತಿ ನುಡಿಸಿದರು, ಹೆಚ್ಚು ಜನ ಹಿಡಿಯಲಿಲ್ಲ. ಮೈಕ್ ಬಂದ ಮೇಲೆ ತೆಳು ದನಿಯೂ ಹಿಂದಿನ ಸಾಲಿಗೆ ಮುಟ್ಟುತ್ತಿತ್ತು, ಅಷ್ಟು ಕಷ್ಟ ಯಾಕೆ ಅನ್ನಿಸಿರಬೇಕು. ಇದನ್ನು ಓದಿದಾಗ ನನಗೆ ಸ್ವಲ್ಪ ಬೇಜಾರಾಯಿತು. ಮೇಷ್ಟ್ರನ್ನು ಕೇಳಿದೆ, ಹಾಗಾದರೆ ಅವರು ಪಟ್ಟ ಶ್ರಮ ದಂಡವಾ ಅಂತ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೈಕ್ ಇಲ್ಲದ ಆ ವರ್ಷಗಳಲ್ಲಿ ಹಿಂದೆ ಕೂತು ಕೇಳಿದವರನ್ನು ಕೇಳಬೇಕು ಅಂದರು. ಅವರು ಯಾರೂ ಈಗಿಲ್ಲ.

ಕಳೆದ ವಾರ ನಾನು ಅದೇ ದೇವರನಾಮವನ್ನು ಮನೆ ಜಗಲಿಯ ಮೇಲೆ ತಾತನಿಗೆ ಹಾಡಿ ತೋರಿಸಿದೆ. ತಾತ ಬೇಕೆಂದೇ ಎದ್ದುಹೋಗಿ ಕೊಟ್ಟಿಗೆ ಬಾಗಿಲ ಹತ್ತಿರ ಕೂತರು, ಅಲ್ಲಿಗೆ ಕೇಳಿಸುತ್ತದಾ ನೋಡೋಣ ಅಂತ. ಪಲ್ಲವಿ ಕೇಳಿಸಿತಂತೆ. ಚರಣ ಕೇಳಿಸಲಿಲ್ಲ, ನಡುವೆ ಹಸು ಕೂಗಿತು.